ಅಲ್ಸರ್‌ಗೆ ಕಾರಣ ಖಾರ ಅಲ್ಲ, ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಅಲ್ಸರ್, ಅಂದರೆ ಹೊಟ್ಟೆ ಅಥವಾ ಸಣ್ಣ ಕರುಳಿನ ಒಳಗೆ ಆಗುವ ಹುಣ್ಣಿನ ಬಗ್ಗೆ ಮಾತು ಬಂತು. ಮೆಣಸಿನಕಾಯಿ ಬಿಟ್ಟರೆ ಸಾಕು ಅಂತ ಸುಮಾರು ಜನ ಬರೆದಿದ್ದೀರಿ. ಖಾರ ತಿಂದರೆ ಉರಿ ಜಾಸ್ತಿ ಆಗಬಹುದು, ನಿಜ. ಆದರೆ ಹುಣ್ಣು ಮಾಡುವುದು ಅದಲ್ಲ.

ಹೆಚ್ಚಿನ ಹುಣ್ಣುಗಳಿಗೆ ಕಾರಣ ಎರಡು. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹೊಟ್ಟೆಯ ಆಸಿಡ್‌ನಲ್ಲೂ ಬದುಕುತ್ತದೆ. ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅನ್ನುವುದನ್ನು ಹೆಚ್ಚಿನವರು ನಂಬದಿದ್ದಾಗ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು! ಕೆಲವೇ ದಿನಗಳಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಅವರಿಗೂ ಅವರ ಜೊತೆ ಸಂಶೋಧನೆ ಮಾಡಿದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ಇನ್ನೊಂದು ಕಾರಣ ಡೈಕ್ಲೋಫೆನಾಕ್, ಆಸ್ಪಿರಿನ್‌ನಂಥ ಕೆಲವು ನೋವಿನ ಮಾತ್ರೆಗಳು. ನಮ್ಮಮ್ಮ ಮಂಡಿನೋವಿಗೆ ಡೈಕ್ಲೋಫೆನಾಕ್ ಸ್ಟ್ರಿಪ್ಪನ್ನು ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದರು. ಬೆಳಗ್ಗೆ ಕಾಫಿ ಜೊತೆ ಒಂದು, ರಾತ್ರಿ ಒಂದು. ಒಂದು ದಿನ ಮಲ ಟಾರಿನ ಹಾಗೆ ಕಪ್ಪಗೆ ಬಂತು, ಅದು ಒಳಗೆ ರಕ್ತ ಸೋರುತ್ತಿರುವ ಗುರುತು. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿದರೆ ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣು. ಹೊಟ್ಟೆಯ ಒಳಪದರಕ್ಕೆ ಇರುವ ಕಾವಲನ್ನೇ ಈ ಮಾತ್ರೆಗಳು ಕಡಿಮೆ ಮಾಡುತ್ತವೆ. ಊಟ ಆದಮೇಲೆ ತಗೊಂಡರೂ ಅಪಾಯ ಪೂರ್ತಿ ಹೋಗುವುದಿಲ್ಲ.

ಮನೆಯ ಹಿರಿಯರ ಮಾತ್ರೆ ಡಬ್ಬಿ ಇವತ್ತೇ ನೋಡಿ. ಹೃದಯಕ್ಕೆಂದು ಡಾಕ್ಟರ್ ಕೊಟ್ಟ ಆಸ್ಪಿರಿನ್ ಇದ್ದರೆ ನೀವೇ ನಿಲ್ಲಿಸಬೇಡಿ, ಅವರನ್ನು ಕೇಳಿ. ಸಿಗರೇಟು ಸೇದುವವರಿಗೆ ಹುಣ್ಣು ಬೇಗ ಮಾಯುವುದಿಲ್ಲ. ಪೈಲೋರಿ ಇದ್ದರೆ ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಿ. ಕಪ್ಪು ಮಲ, ರಕ್ತದ ವಾಂತಿ ಕಂಡರೆ ಮಜ್ಜಿಗೆ ಕುಡಿದು ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.