ರಾತ್ರಿ ಹೊತ್ತು ಹಾಸ್ಟೆಲಿನಲ್ಲಿ ಯಾರಿದ್ದಾರೆ?

ಬೆಂಗಳೂರು
18 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕರು,
ವಿದ್ಯಾರ್ಥಿನಿಲಯ ನಿರ್ವಹಣಾ ವಿಭಾಗ

ವಿಷಯ: ಮಹಿಳಾ ಹಾಸ್ಟೆಲಿನಲ್ಲಿ ರಾತ್ರಿ ವಾರ್ಡನ್ ಇಲ್ಲದಿರುವುದು, ಅಕ್ಟೋಬರ್ 29ರ ರಾತ್ರಿಯ ಘಟನೆ ಮತ್ತು ಕ್ಷೇಮ ಶುಲ್ಕದ ಲೆಕ್ಕದ ಬಗ್ಗೆ ದೂರು.

ಮಾನ್ಯರೇ,

ನಾನು ಈ ಹಾಸ್ಟೆಲಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಎರಡು ವರ್ಷ ಎಂ.ಎಸ್ಸಿ., ಈಗ ಎರಡನೇ ವರ್ಷದ ಪಿಎಚ್.ಡಿ. ಕಳೆದ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯ ಹಾಸ್ಟೆಲಿನ ನಿರ್ವಹಣೆಯನ್ನು ನಿಮ್ಮ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ನೀವು ನನ್ನನ್ನು ‘ವಿದ್ಯಾರ್ಥಿ ಸಂಯೋಜಕಿ’ ಎಂದು ಮಾಡಿದಿರಿ. ಹೊಸಬರಿಗೆ ದಾರಿ ತೋರಿಸುವುದು, ಜಗಳ ಬಿಡಿಸುವುದು, ಹಬ್ಬ ನಡೆಸುವುದು, ತಿಂಗಳ ಕೊನೆಗೆ ‘ನಿವಾಸಿಗಳ ಸಮಾಧಾನ ವರದಿ’ಗೆ ಸಹಿ ಹಾಕುವುದು ನನ್ನ ಕೆಲಸ ಎಂದಿರಿ. ಸಂಬಳ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ. ಹುಡುಗಿಯರ ಜೊತೆ ಇರುವುದು ನನಗೆ ಇಷ್ಟ ಎಂದೇ ಒಪ್ಪಿಕೊಂಡೆ. ಆದರೆ ವಾರ್ಡನ್ ಹುದ್ದೆಯನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಒಂದು ಆ್ಯಪ್ ಮತ್ತು ನನ್ನನ್ನು ಇಡುತ್ತೀರಿ ಎಂದು ಅವತ್ತು ಯಾರೂ ಹೇಳಲಿಲ್ಲ.

ಅಕ್ಟೋಬರ್ 29ರ ರಾತ್ರಿ ಆದದ್ದನ್ನು ಗಂಟೆ ಸಮೇತ ಬರೆಯುತ್ತೇನೆ. ನಿಮ್ಮ ಕಚೇರಿಯಲ್ಲಿ ಅದು ‘ಗೇಟ್ ಸಮಸ್ಯೆ’ ಎಂದು ದಾಖಲಾಗಿದೆ.

ಮೊದಲ ಮಹಡಿಯಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಮೊದಲ ವರ್ಷದ ಎಂ.ಎ. ಅವಳ ಜೊತೆಯವಳು ದೀಪಾವಳಿಗೆ ಊರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮಧ್ಯರಾತ್ರಿ ದಾಟಿ 1 ಗಂಟೆ 20 ನಿಮಿಷಕ್ಕೆ ಪಕ್ಕದ ಕೋಣೆಯವಳು ಬಾತ್‌ರೂಮಿಗೆ ಹೋದಾಗ ಈ ಹುಡುಗಿ ಅಲ್ಲಿ ನೆಲದ ಮೇಲೆ ಬಿದ್ದಿದ್ದಳು. ನನ್ನನ್ನು ಎಬ್ಬಿಸಿದರು. ಕೈಕಾಲು ತಣ್ಣಗಿತ್ತು, ಮಾತು ತೊದಲುತ್ತಿತ್ತು. ಆ್ಯಪಿನಲ್ಲಿ ‘ತುರ್ತು’ ಎಂಬ ಕೆಂಪು ಗುಂಡಿ ಒತ್ತಿದೆ. ದೂರು ಸಂಖ್ಯೆ ಬಂತು, 48 ಗಂಟೆಯೊಳಗೆ ಪರಿಹಾರ ಎಂಬ ಸಂದೇಶ ಬಂತು. ಸಹಾಯವಾಣಿಗೆ ಫೋನ್ ಮಾಡಿದೆ. ಬೇರೆ ಯಾವುದೋ ಊರಿನಲ್ಲಿ ಕುಳಿತ ಒಬ್ಬರು ಹಿಂದಿಯಲ್ಲಿ ಹಾಸ್ಟೆಲಿನ ಕೋಡ್ ಕೇಳಿದರು, ಕೋಣೆ ಸಂಖ್ಯೆ ಕೇಳಿದರು, ಆಮೇಲೆ ‘ಸ್ಥಳೀಯ ತಂಡಕ್ಕೆ ತಿಳಿಸುತ್ತೇವೆ’ ಎಂದರು. ಸ್ಥಳೀಯ ತಂಡ ಅಂದರೆ ಯಾರು ಎಂದು ಕೇಳಿದೆ. ಅವರು ಓದಿ ಹೇಳಿದ್ದು ನನ್ನದೇ ಹೆಸರು, ನನ್ನದೇ ನಂಬರು.

108ಕ್ಕೆ ನಾನೇ ಫೋನ್ ಮಾಡಿದೆ. ಆಂಬುಲೆನ್ಸ್ 2 ಗಂಟೆ 5 ನಿಮಿಷಕ್ಕೆ ಗೇಟಿನ ಮುಂದೆ ಬಂದು ನಿಂತಿತು. ಗೇಟು ತೆರೆಯಲಿಲ್ಲ. ರಾತ್ರಿ 10ರ ಮೇಲೆ ಆ್ಯಪಿನಲ್ಲಿ ಔಟ್‌ಪಾಸ್ ಮಂಜೂರಾಗದೆ ಯಾರನ್ನೂ ಹೊರಗೆ ಬಿಡಬಾರದು, ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಸೆಕ್ಯೂರಿಟಿಯವರಿಗೆ ನೀವು ಬರೆದು ಕೊಟ್ಟಿದ್ದೀರಿ. ಮಂಜೂರು ಮಾಡಬೇಕಾದವರು ಮಲಗಿದ್ದರು. ಅವರಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ಅದರ ಪಟ್ಟಿ ನನ್ನ ಮೊಬೈಲಿನಲ್ಲಿದೆ. ಕೊನೆಗೆ 2 ಗಂಟೆ 20 ನಿಮಿಷಕ್ಕೆ ಸೆಕ್ಯೂರಿಟಿ ಅಣ್ಣ ‘ಆಗಿದ್ದಾಗಲಿ ಹೋಗವ್ವಾ’ ಎಂದು ತಾವೇ ಬೀಗ ತೆಗೆದರು.

ಆಸ್ಪತ್ರೆಯಲ್ಲಿ ಡೆಂಗಿ ಎಂದರು, ರಕ್ತದೊತ್ತಡ ಕುಸಿದಿತ್ತು, ಕೂಡಲೇ ಡ್ರಿಪ್ ಹಾಕಿದರು. ಮನೆಯವರ ನಂಬರು ಕೇಳಿದರು. ಹಳೆಯ ವ್ಯವಸ್ಥೆಯಲ್ಲಿ ಅದು ಗೇಟಿನ ರಿಜಿಸ್ಟರಿನಲ್ಲೇ ಇರುತ್ತಿತ್ತು. ಈಗ ನಿಮ್ಮ ಆ್ಯಪಿನೊಳಗಿದೆ, ನನಗೆ ಕಾಣುವುದಿಲ್ಲ. ಅವಳ ತರಗತಿಯ ಗೆಳತಿಯೊಬ್ಬಳನ್ನು ಎಬ್ಬಿಸಿ, ಅವಳಿಂದ ಅವರ ಊರಿನ ಒಬ್ಬರ ನಂಬರು ಪಡೆದು, ಬೆಳಗಿನ ಜಾವ ನಾಲ್ಕಕ್ಕೆ ಅವರಪ್ಪನಿಗೆ ಸುದ್ದಿ ಮುಟ್ಟಿಸಿದೆವು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಅವಳು ಚೇತರಿಸಿಕೊಂಡಿದ್ದಾಳೆ. 30ರ ಬೆಳಿಗ್ಗೆ 11 ಗಂಟೆಗೆ ನಿಮ್ಮಿಂದ ಸಂದೇಶ ಬಂತು: ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಅಂಕ ಕೊಡಿ. ಆ ಹೊತ್ತಿನಲ್ಲಿ ನಾನು ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ.

ಇಷ್ಟಾದ ಮೇಲೆ ನನಗೆ ಅತ್ಯಂತ ನೋವಾದ ಸಂಗತಿ ಬೇರೆಯದು. ಅವಳಿಗೆ ವಾಪಸ್ಸು ಬರಬೇಕಾದ ದುಡ್ಡಿನ ವಿಚಾರಕ್ಕೆ ನಾನು ಅವಳ ಫೋನಿನಲ್ಲಿ ಮೆಸ್ ಲೆಕ್ಕ ತೆರೆದೆ. 28ರ ಬೆಳಗಿನ ತಿಂಡಿಯಿಂದ 29ರ ರಾತ್ರಿ ಊಟದವರೆಗೆ, ಸತತ ಆರು ಹೊತ್ತು, ಅವಳ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಿಲ್ಲ. ಆರಕ್ಕೆ ಆರೂ ಕೆಂಪು. ಅಂದರೆ ಎರಡು ದಿನದಿಂದ ಈ ಹುಡುಗಿ ಊಟಕ್ಕೆ ಬಂದಿಲ್ಲ ಎಂಬುದು ನಿಮ್ಮ ಕಂಪ್ಯೂಟರಿಗೆ ಗೊತ್ತಿತ್ತು. ಅದನ್ನು ನೋಡುವ ಒಬ್ಬ ಮನುಷ್ಯ ಇರಲಿಲ್ಲ. ಊಟ ಮಾಡದಿದ್ದರೂ ಹಣ ಹಿಂತಿರುಗಿಸುವುದಿಲ್ಲ ಎಂಬ ನಿಯಮ ತೋರಿಸುವುದಕ್ಕೆ ಮಾತ್ರ ಆ ಲೆಕ್ಕ ಬಳಕೆಯಾಗುತ್ತಿದೆ.

ಮೊದಲಿದ್ದ ವಾರ್ಡನ್ ಮೇಡಂ ನೆಲಮಹಡಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದರು. ಸಿಟ್ಟಿನ ಹೆಂಗಸು, ಗೀಸರ್ ಬಿಟ್ಟು ಬಂದರೆ ಇಡೀ ಮಹಡಿಗೆ ಕೇಳುವಂತೆ ಬೈಯುತ್ತಿದ್ದರು, ನಾನೂ ಬೈಸಿಕೊಂಡಿದ್ದೇನೆ. ಆದರೆ ರಾತ್ರಿ ಒಂಬತ್ತಕ್ಕೆ ಮೆಸ್ ಬಾಗಿಲಲ್ಲಿ ನಿಂತು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದರು. ಎರಡು ಹೊತ್ತು ಊಟಕ್ಕೆ ಬಾರದವಳ ಕೋಣೆ ಬಾಗಿಲು ಮೂರನೇ ಹೊತ್ತಿಗೆ ತಟ್ಟುತ್ತಿದ್ದರು. ಜ್ವರವೋ, ಮನೆಯ ನೆನಪೋ, ಫೇಲಾದ ದುಃಖವೋ, ಕೈಯಲ್ಲಿ ದುಡ್ಡಿಲ್ಲದ ಸಂಕಟವೋ, ಬಾಗಿಲು ತೆರೆದರೆ ಅವರಿಗೆ ತಿಳಿಯುತ್ತಿತ್ತು. ನನ್ನ ತಂದೆ ಒಂದು ಮಠದ ಫ್ರೀ ಬೋರ್ಡಿಂಗಿನಲ್ಲಿ ಉಂಡು ಓದಿದವರು. ಅಲ್ಲಿಯೂ ಹೀಗೇ ಇತ್ತಂತೆ: ಪಂಕ್ತಿಯಲ್ಲಿ ಒಬ್ಬ ಕಾಣದಿದ್ದರೆ ಬಡಿಸುವವರೇ ಕೇಳುತ್ತಿದ್ದರು, ಎಲ್ಲಿ ಆ ಹುಡುಗ ಅಂತ. ಹಾಸ್ಟೆಲ್ ನಡೆಸುವುದು ಎಂದರೆ ನಮ್ಮ ಕಡೆ ಇದೇ. ಮನೆಯಿಂದ ದೂರ ಬಂದ ಮಗುವಿನ ಊಟದ ಮೇಲೆ ಒಬ್ಬರ ಕಣ್ಣಿರುವುದು.

ಇದು ನನ್ನ ಭಾವನೆಯ ಮಾತು ಮಾತ್ರವಲ್ಲ. ರಾಗಿಂಗ್ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ತಂದ ನಿಯಮಾವಳಿಯೇ ಹಾಸ್ಟೆಲಿಗೆ ಪೂರ್ಣಾವಧಿ ವಾರ್ಡನ್ ಇರಬೇಕು, ಅವರು ಎಲ್ಲ ಹೊತ್ತಿನಲ್ಲೂ ಫೋನಿಗೆ ಸಿಗುವಂತಿರಬೇಕು ಎನ್ನುತ್ತದೆ. ಇದೇ ವರ್ಷ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು, ಟೆಲಿ ಮಾನಸ್ ಮುಂತಾದ ಸಹಾಯವಾಣಿಗಳ ನಂಬರನ್ನು ಹಾಸ್ಟೆಲಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು ಎಂದು ಅದರಲ್ಲಿದೆ. ನಮ್ಮ ಹಾಸ್ಟೆಲೊಂದರಲ್ಲೇ 214 ಜನ ಇದ್ದೇವೆ. ನೀವು ಕೊಟ್ಟಿರುವುದು ಗೋಡೆಯ ಮೇಲಿನ ಒಂದು ಪೋಸ್ಟರ್. ಅದನ್ನು ಸ್ಕ್ಯಾನ್ ಮಾಡಿದರೆ ವಿಡಿಯೊ ಕರೆಗೆ ಸಮಯ ಸಿಗುತ್ತದೆ. ಎರಡನೇ ಮಹಡಿಯ ಒಬ್ಬಳಿಗೆ ಒಂಬತ್ತು ದಿನದ ನಂತರದ ಸಮಯ ಸಿಕ್ಕಿತು, ಅದೂ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ತನ್ನ ಎದೆಯೊಳಗಿನ ಭಾರವನ್ನು ಇಂಗ್ಲಿಷಿನಲ್ಲಿ ಹೇಗೆ ಇಳಿಸುತ್ತಾಳೆ? ಅವಳು ಆ ಕರೆಗೆ ಹೋಗಲೇ ಇಲ್ಲ.

ಟೆಲಿ ಮಾನಸ್ ನಂಬರು 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಕೇಂದ್ರ ಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. ನಾನು ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ನೀರಿನ ಫಿಲ್ಟರಿನ ಪಕ್ಕ ಅಂಟಿಸಿದ್ದೆ. ಅನುಮತಿ ಇಲ್ಲದ ಚೀಟಿ ಎಂದು ಮಾರನೇ ದಿನ ಕೀಳಿಸಿದಿರಿ. ಮತ್ತೆ ಅಂಟಿಸಿದ್ದೇನೆ. ದಯವಿಟ್ಟು ಕೀಳಿಸಬೇಡಿ.

ಇನ್ನು ಹಣದ ಮಾತು. ಬಾಡಿಗೆ, ಮೆಸ್ ಬಿಟ್ಟು ತಿಂಗಳಿಗೆ ತಲಾ 600 ರೂಪಾಯಿ ‘ವಿದ್ಯಾರ್ಥಿ ಕ್ಷೇಮ ಶುಲ್ಕ’ ತೆಗೆದುಕೊಳ್ಳುತ್ತಿದ್ದೀರಿ. 214 ಜನರಿಂದ ತಿಂಗಳಿಗೆ 1,28,400 ರೂಪಾಯಿ. ಆಗಸ್ಟ್‌ನಿಂದ ಈ ತಿಂಗಳವರೆಗೆ 5,13,600 ರೂಪಾಯಿ. ಇಷ್ಟು ಹಣದಲ್ಲಿ ಒಬ್ಬ ವಾರ್ಡನ್, ರಾತ್ರಿಗೆ ಒಬ್ಬ ಸಹಾಯಕಿ, ವಾರಕ್ಕೆರಡು ದಿನ ಬಂದು ಕೂರುವ ಒಬ್ಬ ಆಪ್ತಸಮಾಲೋಚಕಿ ಇವರನ್ನು ಇಡಲು ಆಗುವುದಿಲ್ಲವೇ? ಈ ಹಣ ಯಾವುದಕ್ಕೆ ಖರ್ಚಾಗಿದೆ ಎಂಬ ಲೆಕ್ಕವನ್ನು ಅಕ್ಟೋಬರ್ 6ರಂದೇ ಇಮೇಲ್‌ನಲ್ಲಿ ಕೇಳಿದ್ದೆ. ಉತ್ತರ ಬಂದಿಲ್ಲ.

ಸೆಕ್ಯೂರಿಟಿ ಅಣ್ಣನ ವಿಷಯ ಬರೆಯದೆ ಇರಲಾರೆ. ನವೆಂಬರ್ 3ರಂದು, ನಿಯಮ ಮೀರಿ ಗೇಟು ತೆರೆದರು ಎಂಬ ಕಾರಣಕ್ಕೆ ನೀವು ಅವರನ್ನು ಕೆಲಸದಿಂದ ತೆಗೆದಿರಿ. ಆ ರಾತ್ರಿ ಇಡೀ ನಿಮ್ಮ ಕಂಪನಿಯಲ್ಲಿ ಮನುಷ್ಯರಂತೆ ನಡೆದುಕೊಂಡವರು ಅವರೊಬ್ಬರೇ. ಅವರನ್ನು ವಾಪಸ್ಸು ತೆಗೆದುಕೊಳ್ಳಬೇಕು, ತಪ್ಪಿದ ದಿನಗಳ ಸಂಬಳ ಕೊಡಬೇಕು. ಈ ಪತ್ರದಲ್ಲಿ ನಾನು ಕೇಳುವ ಮೊದಲನೆಯ ವಿಷಯ ಇದು, ಏಕೆಂದರೆ ಈಗ ಗೇಟಿನಲ್ಲಿ ನಿಂತಿರುವ ಹೊಸಬರು ಮುಂದಿನ ಸಲ ಬೀಗ ತೆಗೆಯಲು ಹೆದರುತ್ತಾರೆ.

ಆಮೇಲೆ, ಹಾಸ್ಟೆಲಿನಲ್ಲೇ ವಾಸವಿರುವ ವಾರ್ಡನ್ ಬೇಕು. ಅವರ ರಜೆಯ ದಿನ ಬೇರೆ ಯಾರು ಇರುತ್ತಾರೆ ಎಂಬುದು ಹೆಸರು, ನಂಬರಿನ ಸಮೇತ ಗೇಟಿನಲ್ಲಿ ಬರೆದಿರಬೇಕು. ಕಾಯಿಲೆಯ ಸಂದರ್ಭದಲ್ಲಿ ಔಟ್‌ಪಾಸ್ ಕೇಳಕೂಡದು. ಎರಡು ಹೊತ್ತು ಊಟಕ್ಕೆ ಬಾರದವರ ಪಟ್ಟಿ ದಿನಾ ರಾತ್ರಿ ವಾರ್ಡನ್ ಕೈಗೆ ಹೋಗಬೇಕು, ಅದಕ್ಕೆ ಬೇಕಾದ ಮಾಹಿತಿ ನಿಮ್ಮ ಬಳಿ ಈಗಾಗಲೇ ಇದೆ. ಮನೆಯವರ ನಂಬರು ಗೇಟಿನ ರಿಜಿಸ್ಟರಿನಲ್ಲಿ ಇರಬೇಕು. ಕನ್ನಡ ಬಲ್ಲ ಆಪ್ತಸಮಾಲೋಚಕಿ ಹಾಸ್ಟೆಲಿಗೇ ಬರಬೇಕು. ಇವು ಆಗುವವರೆಗೆ ಕ್ಷೇಮ ಶುಲ್ಕ ವಸೂಲಿ ನಿಲ್ಲಬೇಕು.

ಈ ಪತ್ರದ ಪ್ರತಿಯನ್ನು ಕುಲಸಚಿವರಿಗೂ, ಯುಜಿಸಿಯ 2023ರ ನಿಯಮದಂತೆ ರಚನೆಯಾದ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೂ ಕೊಟ್ಟಿದ್ದೇನೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿಯೂ ಆಗದಿದ್ದರೆ ಇಂಥ ದೂರುಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗುತ್ತೇನೆ. ಫೋನ್ ಕರೆಗಳ ಪಟ್ಟಿ, ಮೆಸ್ ಲೆಕ್ಕದ ಚಿತ್ರ, 176 ನಿವಾಸಿಗಳ ಸಹಿ ಪತ್ರದ ಜೊತೆಗಿವೆ. ಅಕ್ಟೋಬರ್ ತಿಂಗಳ ಸಮಾಧಾನ ವರದಿಯನ್ನು ಸಹಿ ಹಾಕದೆ ವಾಪಸ್ಸು ಕಳಿಸಿದ್ದೇನೆ.

ಆ ಹುಡುಗಿ ಬರುವ ಸೋಮವಾರ, 24ರಂದು, ಊರಿಂದ ಬರುತ್ತಿದ್ದಾಳೆ. ಬಿಟ್ಟು ಹೋಗಲು ಅವರಪ್ಪನೂ ಬರುತ್ತಾರೆ. ‘ರಾತ್ರಿ ಹೊತ್ತು ಅಲ್ಲಿ ಯಾರಿರ್ತಾರವ್ವಾ?’ ಎಂದು ಮೊನ್ನೆ ಫೋನಿನಲ್ಲಿ ಕೇಳಿದರು. ಅವರಿಗೆ ಹೇಳಲು ನನಗೆ ಒಂದು ಹೆಸರು ಬೇಕು. ಸೋಮವಾರದೊಳಗೆ ತಿಳಿಸಿ.

ಇಂತಿ,
ವಿದ್ಯಾರ್ಥಿ ಸಂಯೋಜಕಿ,
ಮಹಿಳಾ ಹಾಸ್ಟೆಲ್, ಎರಡನೇ ಮಹಡಿ