ಸಾಹುಕಾರನಿಗೊಂದು ಪತ್ರ

ಪ್ರೀತಿಯ ಸಾಹುಕಾರಾ,

ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ "ಗಿರಾಕಿ ಬಂದ್ರು, ಇಡ್ತೀನಿ" ಅನ್ನುತ್ತೀಯ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ, ಲೈಕ್ ಒತ್ತುವವರು ಒತ್ತಲಿ. ನೀಲಿ ಬಕೆಟ್ ವಿಷಯ ಮಾತ್ರ ಎತ್ತಲ್ಲ, ಆಣೆ.

ಮಗಳಿಗೂ ಬಿ.ಎ.ಯಲ್ಲಿ ಅದೇ ನಾಟಕ ಕಣೋ, ಆರ್ಥರ್ ಮಿಲ್ಲರ್‌ನ 'ಡೆತ್ ಆಫ್ ಎ ಸೇಲ್ಸ್‌ಮನ್'. ನಾವು ಪುಸ್ತಕ ಮುಟ್ಟದೆ ಗೈಡ್ ಓದಿ ಪಾಸಾದದ್ದು ನೆನಪಿದೆಯಾ? ಕೊಳಲು, ಬೀಜ, ಸ್ಟಾಕಿಂಗ್ಸ್, ರಬ್ಬರ್ ಟ್ಯೂಬು, ಒಂದೊಂದಕ್ಕೆ ಐದೈದು ಮಾರ್ಕ್ಸು. ಲಿಂಡಾ ಮನೆಯಲ್ಲಿ ಹರಿದ ಸ್ಟಾಕಿಂಗ್ಸ್ ಹೊಲಿಯುತ್ತಾಳೆ, ಗಂಡ ಬಾಸ್ಟನ್ನಿನಲ್ಲಿ ಇನ್ನೊಬ್ಬಳಿಗೆ ಹೊಸದು ಕೊಡುತ್ತಾನೆ. ಇಷ್ಟನ್ನೇ ಎಳೆದಾಡಿ ಎರಡು ಪುಟ ತುಂಬಿಸಿದ್ದೆ. ಮೊನ್ನೆ ಮಗಳು "ಅಪ್ಪಾ, ಮೋಟಿಫ್ ಅಂದ್ರೆ ಏನು?" ಅಂದಳು. ದೊಡ್ಡ ಮನುಷ್ಯನ ಹಾಗೆ ಪುಸ್ತಕ ಇಸ್ಕೊಂಡು ಕೂತೆ. ಮೂವತ್ತು ವರ್ಷದ ಮೇಲೆ ಮೊದಲ ಸಲ ಪೂರ್ತಿ ಓದಿದೆ.

1949ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ 742 ಪ್ರದರ್ಶನ ಕಂಡ ನಾಟಕ. ಎರಡು ಸ್ಯಾಂಪಲ್ ಕೇಸ್ ಹೊತ್ತುಕೊಂಡು ಲಿಂಡಾಳ ಗಂಡ ವಿಲ್ಲಿ ಲೋಮನ್ ರಾತ್ರಿ ಮನೆಗೆ ಬರುತ್ತಾನೆ. ಅದರೊಳಗೆ ಏನಿದೆ, ಅವನು ಮಾರುವುದೇನು ಅಂತ ನಾಟಕದಲ್ಲಿ ಎಲ್ಲೂ ಹೇಳುವುದಿಲ್ಲ. ಇಪ್ಪತ್ತಾರು ವರ್ಷ ಮೆಡಿಕಲ್ ರೆಪ್ ಬ್ಯಾಗ್ ಹೊತ್ತವನು ನಾನು, ನನಗೆ ಹೇಳಬೇಕಾಗಿಯೂ ಇಲ್ಲ. ಭುಜಕ್ಕೇ ಗೊತ್ತಾಗುತ್ತದೆ.

ಒಂದು ದೃಶ್ಯ ಇದೆ. ವಿಲ್ಲಿ ಹೆಂಡತಿಯ ಮುಂದೆ ಪ್ರಾವಿಡೆನ್ಸ್‌ನಲ್ಲಿ 500 ಗ್ರೋಸ್ (ಗ್ರೋಸ್ ಅಂದರೆ ಹನ್ನೆರಡು ಡಜನ್), ಬಾಸ್ಟನ್ನಿನಲ್ಲಿ 700 ಗ್ರೋಸ್ ಮಾರಿದೆ ಅಂತ ಬಿಡುತ್ತಾನೆ. ಅವಳು ಖುಷಿಯಾಗಿ ಪೆನ್ಸಿಲ್ ತೆಗೆದು ಲೆಕ್ಕ ಹಾಕುತ್ತಾಳೆ, ಕಮಿಷನ್ 212 ಡಾಲರ್! ಆಮೇಲೆ ಅವನೇ ಒಂದೊಂದೇ ಇಳಿಸುತ್ತಾ ಬಂದು, ಇಡೀ ಟೂರಿಗೆ ಸೇರಿ ಸುಮಾರು 200 ಗ್ರೋಸ್ ಅನ್ನುತ್ತಾನೆ. ಎಪ್ಪತ್ತು ಡಾಲರ್ ಮತ್ತು ಚಿಲ್ಲರೆ. ಅವಳು ಬೈಯುವುದಿಲ್ಲ. "ಪರವಾಗಿಲ್ಲ, ಚೆನ್ನಾಗೇ ಇದೆ" ಅನ್ನೋ ಹಾಗೆ ಮಾತಾಡಿ, ಫ್ರಿಜ್ಜಿನ ಕಂತು, ವಾಷಿಂಗ್ ಮೆಷಿನ್ ಕಂತು ಒಂದೊಂದಾಗಿ ಹೇಳುತ್ತಾಳೆ. ನಮ್ಮ ಮಂತ್ಲಿ ಮೀಟಿಂಗಿನ ಟಾರ್ಗೆಟ್ ವರದಿ ಇದೇ ಅಲ್ವಾ ಅಂತ ಮಗಳ ಮುಂದೆ ಜೋರಾಗಿ ನಕ್ಕೆ.

ಆಮೇಲೆ ಪಕ್ಕದ ಮನೆಯ ಚಾರ್ಲಿ ಬಂದ. ಗೈಡಿನಲ್ಲಿ ಅವನಿಗೆ ಒಂದೇ ಪ್ಯಾರಾ ಇತ್ತು. ವಿಲ್ಲಿಗೆ ವಾರಕ್ಕೆ ಐವತ್ತು ಡಾಲರ್ ಕೊಡುವವನು ಅವನು. ವಿಲ್ಲಿ ಅದನ್ನು ತಗೊಂಡು ಹೋಗಿ ಹೆಂಡತಿಗೆ ಸಂಬಳ ಅಂತ ಕೊಡುತ್ತಾನೆ. ಮೇಲಿಂದ, ನಡುಮನೆಯ ಸೀಲಿಂಗ್ ನಾನೇ ಹಾಕಿದೆ, ನಿನಗೆ ಸುತ್ತಿಗೆ ಹಿಡಿಯಕ್ಕೂ ಬರಲ್ಲ ಅಂತ ಚಾರ್ಲಿಯನ್ನೇ ಹಂಗಿಸುತ್ತಾನೆ. ಕೆಲಸ ಹೋದ ದಿನವೂ ಹೋಗಿ ದುಡ್ಡು ಕೇಳುತ್ತಾನೆ. ಚಾರ್ಲಿ ಅದೇ ಐವತ್ತು ಡಾಲರಿಗೆ ಕೆಲಸ ಕೊಡ್ತೀನಿ ಬಾ, ಊರೂರು ಅಲೆಸಲ್ಲ ಅಂದರೆ, ನನಗೆ ಕೆಲಸ ಇದೆ ಅನ್ನುತ್ತಾನೆ. ಸಾಲ ಬೇಕು, ಕೆಲಸ ಬೇಡ. ಎಂಥಾ ಮೊಂಡ ಅಂತ ಮಗಳು ಬೈದಳು. ನಾನು ನೀರು ಕುಡಿಯಕ್ಕೆ ಎದ್ದು ಹೋದೆ.

ಸಾಹುಕಾರಾ, ಕಂಪನಿ ನನ್ನನ್ನು ಬಿಟ್ಟಿದ್ದು ಏಪ್ರಿಲ್‌ನಲ್ಲಿ, ನಿನಗೆ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ನೀನು ಪ್ರತಿ ತಿಂಗಳು ಕಳಿಸುವುದನ್ನು ಎಟಿಎಂನಲ್ಲಿ ತೆಗೆದು, ಕವರಿಗೆ ಹಾಕಿ, "ಸಂಬಳ" ಅಂತ ಕೊಡುತ್ತೇನೆ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟು ಲೈಬ್ರರಿಯಲ್ಲಿ ಕೂರುತ್ತೇನೆ. ಗೋಡೌನ್ ಲೆಕ್ಕ ನೋಡ್ಕೋ ಬಾ ಅಂತ ನೀನು ಮೂರು ಸಲ ಕರೆದೆ. ಮೂರು ಸಲವೂ "ಒಂದು ಕಡೆ ಮಾತಾಗ್ತಿದೆ" ಅಂದೆ. ಯಾವ ಕಡೆಯೂ ಇಲ್ಲ. ಸಾಲ ಕೊಡುವವರೆಗೆ ನೀನು ಗೆಳೆಯ, ಸಂಬಳ ಕೊಟ್ಟರೆ ಯಜಮಾನ ಆಗ್ತೀಯ ಅಂತ ಹೊಟ್ಟೆಯಲ್ಲಿ ಉರಿ. ಅರಿಯರ್ಸ್ ಪರೀಕ್ಷೆಯಲ್ಲಿ ನನ್ನ ಪೇಪರ್ ನೋಡಿ ಪಾಸಾದವನು ನೀನು.

ನಿದ್ದೆ ಕೆಡಿಸಿದ್ದು ಇದೂ ಅಲ್ಲ. ಲಿಂಡಾಗೆ ಎಲ್ಲ ಗೊತ್ತಿರುತ್ತದೆ ಕಣೋ. ಚಾರ್ಲಿ ಹತ್ರ ಸಾಲ ತಂದು ಸಂಬಳ ಅಂತ ಕೊಡುತ್ತಾನೆ ಅಂತ ಅವಳೇ ಮಕ್ಕಳಿಗೆ ಹೇಳುತ್ತಾಳೆ. ಗಂಡನಿಗೆ ಮಾತ್ರ ಹೇಳುವುದಿಲ್ಲ. ಹೋದ ತಿಂಗಳು ನಮ್ಮವಳು ಕವರ್ ಇಸ್ಕೊಂಡಳು, ಎಣಿಸಲಿಲ್ಲ. ಬೇಳೆ ಡಬ್ಬಿ ಹಿಂದೆ ಇಟ್ಟು, ಒಗ್ಗರಣೆ ಹಾಕುತ್ತಾ ಕೇಳಿದಳು: "ಅವರ ಅಂಗಡಿ ವ್ಯಾಪಾರ ಹೇಗಿದೆಯಂತೆ?"

ಯಾಕೆ ಕೇಳಿದಳು ಮಾರಾಯ?

ಸರಿ ಬಿಡು, ಜಾಸ್ತಿ ಆಯ್ತು. ವಿಮೆ ದುಡ್ಡು ಮನೆಗೆ ಸಿಗಲಿ ಅಂತ ವಿಲ್ಲಿ ಕೊನೆಗೆ ತಾನೇ ಸಾಯುತ್ತಾನಲ್ಲ, ಅದನ್ನು ನೆನೆಸಿಕೊಂಡು ಗಾಬರಿಯಾಗಿ ಫೋನ್ ಮಾಡಬೇಡ. ಅವನದು 20,000 ಡಾಲರ್ ಪಾಲಿಸಿ. ನನ್ನದು ಕಂತು ಕಟ್ಟದೆ ಲ್ಯಾಪ್ಸ್ ಆಗಿದೆ, ಸತ್ತರೆ ಬರೀ ಖರ್ಚು. ಮನೆಯವಳು ಇದನ್ನು ಓದುವ ಭಯವೂ ಇಲ್ಲ. ದಿನಕ್ಕೊಂದು ಸೂರ್ಯಾಸ್ತ ಹಾಕ್ತೀನಿ ಅಂತ ನನ್ನ ಪೋಸ್ಟ್ ಕಾಣದ ಹಾಗೆ ಮಾಡಿಕೊಂಡು ಎರಡು ವರ್ಷ ಆಯ್ತು. ಮಗಳಿಗೆ ಮೋಟಿಫ್ ಅಂದರೆ "ಪದೇ ಪದೇ ಬರೋದು" ಅಂತ ಹೇಳಿಕೊಟ್ಟಿದ್ದೇನೆ. ನೀಲಿ ಬಕೆಟ್ ಥರ.

ಆ ಗೋಡೌನಿನಲ್ಲಿ ಫ್ಯಾನ್ ಇದೆಯಾ? ಸುಮ್ನೆ ಕೇಳಿದೆ.

ನಿನ್ನ,
ಡಾಕ್ಟರ್ (ಬ್ಯಾಗ್ ಮಾತ್ರ)