ತಡ್ಪೆಯಿಂದ ಶುರು ಮಾಡು

ಪ್ರೀತಿಯ ತಂಗೀ,

ಅಜ್ಜಿಯ ಬಗ್ಗೆ ನೀನು ಬರೆದ ನಾಲ್ಕು ಪುಟ ಓದಿದೆ. ‘ಕಷ್ಟಜೀವಿ’ ಐದು ಸಲ ಬಂದಿದೆ, ‘ಮಮತಾಮಯಿ’ ಮೂರು ಸಲ. ಎರಡೂ ಸುಳ್ಳಲ್ಲ. ಆದರೆ ಬಂಟ್ವಾಳ ಪೇಟೆಯ ಯಾವ ಶ್ರದ್ಧಾಂಜಲಿ ಫ್ಲೆಕ್ಸ್ ನೋಡಿದರೂ ಅವೇ ಎರಡು ಮಾತು ಇರುತ್ತವೆ, ಪಟ ಮಾತ್ರ ಬೇರೆ. ನಿನ್ನ ಅಜ್ಜಿ ಜೀವಮಾನವಿಡೀ ಬೀಡಿ ಕಟ್ಟಿದವರು. ನಿನ್ನ ಬರಹದಲ್ಲಿ ಅದು ಒಂದೇ ವಾಕ್ಯಕ್ಕೆ ಮುಗಿದುಹೋಗಿದೆ. ಅವರ ಪ್ರೀತಿ ಇದ್ದದ್ದೇ ಆ ಕೆಲಸದ ಲೆಕ್ಕದೊಳಗೆ, ಅಲ್ಲಿಂದಲೇ ಅದನ್ನು ಹೊರತೆಗೆಯಬೇಕು.

ಮೊದಲು ಕೆಲಸ ಕಲಿ. ಓಣಿಯಲ್ಲಿ ಈಗಲೂ ಬೀಡಿ ಕಟ್ಟುವವರ ಪಕ್ಕ ಒಂದು ಬೆಳಗ್ಗೆ ಕೂತುಕೋ. ರಾತ್ರಿ ಊಟ ಆದಮೇಲೆ ಎಲೆ ನೆನೆಹಾಕಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಹದ ಕಡಿಮೆಯಾದರೆ ಸುರುಳುವಾಗ ಎಲೆ ಸೀಳುತ್ತದೆ, ನೀರು ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತದೆ. ಬೆಳಗ್ಗೆ ಅಚ್ಚು ಇಟ್ಟು ಕತ್ತರಿಯಿಂದ ಎಲೆ ಕತ್ತರಿಸುತ್ತಾರೆ. ನರ ಬೀಡಿಯ ಉದ್ದಕ್ಕೆ ಬರುವ ಹಾಗೆ ಕತ್ತರಿಸಬೇಕು, ಅಡ್ಡ ಬಂದರೆ ಸುತ್ತು ಕೂರುವುದಿಲ್ಲ. ಆಮೇಲೆ ತಡ್ಪೆ, ಅಂದರೆ ಮೊರ, ಮಡಿಲಿಗೆ ಬರುತ್ತದೆ. ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿ, ಒಂದು ಸುತ್ತು, ಅಗಲದ ಬಾಯಿಯನ್ನು ಉಗುರಿನಿಂದ ಒಳಕ್ಕೆ ಮಡಚುವುದು, ಸಪೂರದ ತುದಿಗೆ ನೂಲು. ಆ ಉಗುರನ್ನು ಹತ್ತಿರದಿಂದ ನೋಡು. ಅಂಚು ಸವೆದಿರುತ್ತದೆ, ಬುಡದಲ್ಲಿ ಕಂದು ಬಣ್ಣ ಕೂತಿರುತ್ತದೆ, ಸಾಬೂನಿಗೆ ಹೋಗುವುದಿಲ್ಲ. ಅಜ್ಜಿಯ ಕೈಯನ್ನು ಬರೆಯುವುದಾದರೆ ಆ ಉಗುರನ್ನು ಬರೆ. ‘ದುಡಿದು ಸವೆದ ಕೈ’ ಅಂತ ಬರೆದರೆ ಯಾರ ಕೈಯೂ ಕಾಣುವುದಿಲ್ಲ.

ಲೆಕ್ಕ ಬಿಡಬೇಡ. ಇಪ್ಪತ್ತೈದರ ಕಟ್ಟು, ಸಾವಿರಕ್ಕೆ ನಲವತ್ತು ಕಟ್ಟು. ಮಜೂರಿ ಸಾವಿರದ ಲೆಕ್ಕದಲ್ಲಿ. ಬಿಗಿಯಾದರೆ ಎಳೆಯಲು ಬರುವುದಿಲ್ಲ, ಸಡಿಲವಾದರೆ ಪುಡಿ ಉದುರುತ್ತದೆ. ಬೀಡಿ ಕೊಟ್ಟುಬರುವ ಕಂಪೆನಿಯ ಬ್ರಾಂಚಿನಲ್ಲಿ ಎರಡನ್ನೂ ತೆಗೆದು ಬದಿಗಿಡುತ್ತಾರೆ, ಅದಕ್ಕೆ ಮಜೂರಿ ಇಲ್ಲ. ಎಲೆಯನ್ನು ತೂಗಿ ಕೊಡುತ್ತಾರೆ. ತೂತು ಬಿದ್ದ ಎಲೆ ಜಾಸ್ತಿ ಇದ್ದರೆ ಅಷ್ಟರಲ್ಲಿ ಸಾವಿರ ಏಳುವುದಿಲ್ಲ, ಕೊರತೆಯ ಎಲೆ ಕೈಯಿಂದ ದುಡ್ಡು ಕೊಟ್ಟು ತರಬೇಕು. ನಿನ್ನ ಅಮ್ಮ ಶಾಲೆಗೆ ಹೋಗುವ ಮೊದಲು ಎಷ್ಟು ಬೀಡಿಯ ಬಾಯಿ ಮಡಚುತ್ತಿದ್ದರು ಅಂತ ಕೇಳು. ಯಾವ ಪರೀಕ್ಷೆಯ ದಿನ ಅಜ್ಜಿ ‘ಇವತ್ತು ಬೇಡ’ ಅಂದರು ಅಂತಲೂ ಕೇಳು. ಆ ದಿನ ಎಷ್ಟು ಕಟ್ಟು ಕಡಿಮೆ ಬಿತ್ತು ಎನ್ನುವುದು ಸಿಕ್ಕಿದರೆ ‘ಮಮತಾಮಯಿ’ ಎನ್ನುವ ಪದವನ್ನು ನೀನೇ ಹೊಡೆದುಹಾಕುತ್ತೀಯ.

ಮಾತಾಡಿಸುವಾಗ ‘ಅಜ್ಜಿ ಹೇಗಿದ್ದರು’ ಅಂತ ಯಾರನ್ನೂ ಕೇಳಬೇಡ. ‘ಬಹಳ ಒಳ್ಳೆಯವರು’ ಅನ್ನುತ್ತಾರೆ, ಅಲ್ಲಿಗೆ ಬಾಗಿಲು ಮುಚ್ಚುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಕಟ್ಟಿದ ಬೀಡಿ ಎಲ್ಲಿ ಒಣಗಿಸುತ್ತಿದ್ದರು, ಬ್ರಾಂಚಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಮಳೆಗೆ ಕಟ್ಟನ್ನು ಯಾವುದರಿಂದ ಮುಚ್ಚುತ್ತಿದ್ದರು ಅಂತ ಕೇಳು. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಮರುದಿನ ಮತ್ತೆ ಹೋಗು. ಎರಡನೆಯ ದಿನವೇ ನಿಜವಾದದ್ದು ಬರುತ್ತದೆ. ಇಸವಿ ಯಾರಿಗೂ ನೆನಪಿರುವುದಿಲ್ಲ. 1974ರ ನೇತ್ರಾವತಿ ನೆರೆಗೆ ಮೊದಲೋ ಆಮೇಲೋ, ಗೇಣಿಯವರು ಜಮೀನಿನ ಹಕ್ಕಿಗೆ ಡಿಕ್ಲರೇಶನ್ ಕೊಟ್ಟ ಕಾಲವೋ, ಹೀಗೆ ಗೂಟ ನೆಟ್ಟು ಕೇಳಿದರೆ ಹತ್ತಿರದ ಇಸವಿ ಸಿಗುತ್ತದೆ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ 1976ರದ್ದು. ಮಕ್ಕಳಿಗೆ ಅದರ ಸ್ಕಾಲರ್‌ಶಿಪ್ ಬಂದಿತ್ತೇ ವಿಚಾರಿಸು, ಬಂದಿದ್ದರೆ ಆ ಕಾಗದದಲ್ಲಿ ತಾರೀಕು ಇರುತ್ತದೆ.

ಒಂದು ಎಚ್ಚರ. ಎಷ್ಟೋ ಮನೆಗಳಲ್ಲಿ ಕಟ್ಟಿದವರು ಒಬ್ಬರು, ಬೀಡಿ ಲೆಕ್ಕದ ಪಾಸ್‌ಬುಕ್ಕಿನ ಹೆಸರು ಇನ್ನೊಬ್ಬರದು. ಅತ್ತೆಯ ಹೆಸರಲ್ಲಿ ಸೊಸೆ ವರ್ಷಗಟ್ಟಲೆ ಕಟ್ಟಿದ್ದುಂಟು. ಪಿ.ಎಫ್. ಹೋದದ್ದು ಪುಸ್ತಕದಲ್ಲಿ ಹೆಸರಿದ್ದವರಿಗೆ. ಅಜ್ಜಿಯದೂ ಹಾಗಿದ್ದರೆ ಮನೆಯವರು ಬರೆಯಬೇಡ ಅಂದಾರು. ದೊಡ್ಡಮ್ಮನನ್ನು ಕೇಳಿ ಒಪ್ಪಿಗೆ ಪಡೆದು ಬರೆ, ಆದರೆ ಬಿಡಬೇಡ. ಕೆಮ್ಮು, ಸೊಂಟನೋವು ಕೂಡ ಬರಲಿ. ಹಾಗೆಯೇ ಅವರಿಗೆ ಏನು ಇಷ್ಟ ಇತ್ತು ಅದೂ ಬರಲಿ: ಮಲ್ಲಿಗೆಯೋ, ಗದ್ದೆಯ ಬಯಲಾಟವೋ, ಕಟ್ಟುತ್ತಾ ಕೇಳುತ್ತಿದ್ದ ರೇಡಿಯೊವೋ. ಬರೀ ತ್ಯಾಗದ ಮೂರ್ತಿ ಮಾಡಿದರೆ ಅವರು ನಕ್ಕದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅವರ ತುಳುವನ್ನು ಪುಸ್ತಕದ ಕನ್ನಡ ಮಾಡಬೇಡ. ಮನೆಗೆ ಬಂದವರನ್ನು ‘ಒಣಸ್ ಆಂಡಾ?’ ಅಂತ ಕೇಳುತ್ತಿದ್ದವರ ಬಾಯಲ್ಲಿ ‘ಭೋಜನವಾಯಿತೇ’ ಬಂದರೆ ಆ ಮನೆಯ ಜಗಲಿಯೇ ಮಾಯವಾಗುತ್ತದೆ. ಎರಡೋ ಮೂರೋ ಮಾತು ಹಾಗೇ ಇಡು, ಅರ್ಥ ಸಂದರ್ಭದಿಂದ ತಿಳಿಯಲಿ.

ಎರಡನೆಯ ಕರಡು ಸಾವಿರ ಪದ ದಾಟದಿರಲಿ. ಹುಟ್ಟಿದ ಊರು, ಮದುವೆ, ಮಕ್ಕಳ ಪಟ್ಟಿ ಎಲ್ಲ ಮಧ್ಯದಲ್ಲೆಲ್ಲೋ ಎರಡು ಸಾಲಿನಲ್ಲಿ ಬರಲಿ. ಮೊದಲ ಸಾಲಿನಲ್ಲೇ ತಡ್ಪೆ ಮಡಿಲಲ್ಲಿರಲಿ. ಅಟ್ಟದಲ್ಲಿ ಅವರ ಕತ್ತರಿ ಇದೆ ಅಂದೆಯಲ್ಲ, ಅದನ್ನು ಉಜ್ಜಬೇಡ. ಹೆಬ್ಬೆರಳಿನ ಬಳೆಗೆ ಬಟ್ಟೆ ಸುತ್ತಿದ್ದರೆ ಅದು ಯಾವ ಸೀರೆಯ ಅಂಚು ಅಂತ ದೊಡ್ಡಮ್ಮನಿಗೆ ತೋರಿಸು. ಪಾಸ್‌ಬುಕ್ಕಿನ ಹಾಳೆಗಳು ಅಂಟಿಕೊಂಡಿದ್ದರೆ ಎಳೆಯಬೇಡ. ನೆರಳಲ್ಲಿ ನಾಲ್ಕು ದಿನ ಆರಲು ಬಿಟ್ಟು, ತಾನಾಗಿ ಬಿಟ್ಟ ಪುಟಗಳ ಫೋಟೊ ಮಾತ್ರ ತೆಗೆದು ಕಳಿಸು.

ನಿನ್ನ,
ಅಕ್ಕ